ಟೋಕನ್ ಪಕ್ಕದಲ್ಲಿ ಎರಡು ಚೀಟಿ

ಮಕ್ಕಳೇ, ಚಿತ್ರದುರ್ಗದ ಕೋಟೆಗೆ ಬಂದವರು ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯಕ್ಕೂ ಹೋಗುತ್ತಾರೆ. ಅಲ್ಲಿ ಹಳೆಯ ಆಯುಧ, ಶಿಲ್ಪಗಳಿವೆ. ಆದರೆ ಇತಿಹಾಸ ಪಾಳೆಯಗಾರರ ಜೊತೆಗೇ ಮುಗಿದುಹೋಯಿತೇ? ನಮ್ಮ ಅಜ್ಜ-ಅಜ್ಜಿಯರ ದುಡಿಮೆಯೂ ಇತಿಹಾಸವೇ ಅಲ್ಲವೇ? ಈ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಹತ್ತು ಮಕ್ಕಳ ಜೊತೆ ಸೇರಿ ನಾನೊಂದು ಪುಟ್ಟ ಪ್ರದರ್ಶನ ಜೋಡಿಸಿದೆ. ವಿಷಯ: ದಾವಣಗೆರೆಯ ಕೆಂಪು ಬಾವುಟದ ದಿನಗಳು.

ದುರ್ಗದವರಿಗೆ ದಾವಣಗೆರೆ ಏಕೆ ಎನ್ನುತ್ತೀರಾ? 1997ರ ಆಗಸ್ಟ್ 15ರವರೆಗೆ ಅದು ನಮ್ಮ ಜಿಲ್ಲೆಯದೇ ಊರು. ಹತ್ತಿ ಗಿರಣಿಗಳಿಂದಾಗಿ ಅದಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರಿತ್ತು. ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದವರು ಸಂಘ ಕಟ್ಟಿದರು. ದುಡಿಯುವವರಿಗೆ ಗಳಿಕೆಯಲ್ಲಿ ನ್ಯಾಯದ ಪಾಲು ಸಿಗಬೇಕು ಎಂಬುದು ಸಮಾಜವಾದದ ಮಾತು. ಆ ಮಾತು ಅಲ್ಲಿ ಎಷ್ಟು ಬೇರೂರಿತ್ತೆಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಊರು 1978, 1983 ಮತ್ತು 1985ರಲ್ಲಿ ಶಾಸಕರನ್ನಾಗಿ ಆರಿಸಿತು. ತೆನೆ-ಕುಡುಗೋಲು ಅವರ ಪಕ್ಷದ ಗುರುತು.

ಮಕ್ಕಳು ಮನೆಮನೆ ತಿರುಗಿ ವಸ್ತು ತಂದರು. ಒಂದು ಹಾಜರಿ ಟೋಕನ್, ನೂಲಿನ ಬಾಬಿನ್, ನೆಗ್ಗಿದ ಊಟದ ಡಬ್ಬಿ, ಸಂಘದ ಚಂದಾ ರಸೀದಿ, ಮಾಸಿದ ಕೆಂಪು ಬಟ್ಟೆ. ರಸೀದಿಗೆ ಅಂಟುಪಟ್ಟಿ ಹಚ್ಚಲು ನಾನು ಬಿಡಲಿಲ್ಲ. ಅಂಟು ಕಾಗದವನ್ನು ತಿನ್ನುತ್ತದೆ. ಬಿಸಿಲಿಗೆ ಬಣ್ಣ ಹೋಗುತ್ತದೆ. ಹಾಗಾಗಿ ಗೋಡೆಗೆ ಜೆರಾಕ್ಸ್ ಪ್ರತಿ, ಅಸಲು ರಸೀದಿ ಲಕೋಟೆಯೊಳಗೆ.

ಕಷ್ಟ ಬಂದದ್ದು ಚೀಟಿ ಬರೆಯುವಾಗ. ಟೋಕನ್ ಕೊಟ್ಟ ತಾತ, "ಮುಷ್ಕರ ಮಾಡಿದ್ದಕ್ಕೇ ಬೋನಸ್ ಸಿಕ್ತು ಕಣಪ್ಪಾ, ಅದ್ನ ದಪ್ಪಕ್ಷರದಾಗೆ ಬರಿ" ಎಂದರು. ಒಳಗಿನಿಂದ ಅಜ್ಜಿ, "ಆ ತಿಂಗ್ಳು ನನ್ನ ಓಲೆ ಗಿರವಿ ಹೋಯ್ತಲ್ಲ, ಅದ್ನೂ ಬರಿ" ಎಂದರು. ಯಾವುದನ್ನು ಹಾಕುವುದು? ಮಕ್ಕಳಲ್ಲೇ ಎರಡು ಗುಂಪಾಯಿತು. ಕೊನೆಗೆ ಟೋಕನ್ನಿನ ಎರಡೂ ಪಕ್ಕ ಒಂದೊಂದು ಚೀಟಿ ಬಂತು, ಒಂದೇ ಅಳತೆಯ ಅಕ್ಷರದಲ್ಲಿ. ತಾತ ಅದನ್ನು ಓದಿ ಅಜ್ಜಿಯ ಕಡೆ ನೋಡಿದರು, ಏನೂ ಹೇಳಲಿಲ್ಲ.

"ಗಿರಣಿ ಮುಚ್ಚಿದ್ದು ಮುಷ್ಕರದಿಂದಲಾ?" ಎಂದು ಏಳನೇ ತರಗತಿಯ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮುಂಬೈಯಲ್ಲಿ 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಅನೇಕರಿಗೆ ಕೆಲಸ ಮರಳಿ ಸಿಗಲೇ ಇಲ್ಲ. ಆದರೆ ದೇಶದ ಹಲವು ಗಿರಣಿಗಳಲ್ಲಿ ಯಂತ್ರಗಳೂ ಹಳತಾಗಿದ್ದವು. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬರುತ್ತಿತ್ತು. ಜನ ಹತ್ತಿ ಬಿಟ್ಟು ಟೆರಿಕಾಟ್ ತೊಡತೊಡಗಿದ್ದರು. ಒಂದೇ ಕಾರಣ ಬರೆದರೆ ಚೀಟಿ ಚಿಕ್ಕದಾಗುತ್ತದೆ, ಆದರೆ ನಿಜವಾಗುವುದಿಲ್ಲ.

ಬರ್ಲಿನ್ ನಗರದಲ್ಲಿ 2006ರಲ್ಲಿ ತೆರೆದ ಡಿಡಿಆರ್ ಮ್ಯೂಸಿಯಂ ಹಳೆಯ ಪೂರ್ವ ಜರ್ಮನಿಯ ಸಮಾಜವಾದಿ ದಿನಗಳನ್ನು ತೋರಿಸುತ್ತದೆ. ಅಲ್ಲಿ ನೋಡುಗರು ಕಪಾಟು ತೆಗೆಯಬಹುದು, ಟ್ರಾಬಾಂಟ್ ಕಾರಿನಲ್ಲಿ ಕೂರಬಹುದು. ಮನೆಯ ಸುಖದ ಜೊತೆಗೇ ಗುಪ್ತಚರರ ಕಾಟವೂ ಅಲ್ಲಿ ಕಾಣುತ್ತದೆ. ಹೊಗಳಿಕೆ ಒಂದು ಕೋಣೆ, ತೆಗಳಿಕೆ ಒಂದು ಕೋಣೆ ಎಂದು ಜೀವನ ಇರುವುದಿಲ್ಲವಲ್ಲ!

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬಿ, ರಸೀದಿ ಇರಬಹುದು. ಗುಜರಿಯವನಿಗೆ ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ಇದು ಏನು? ಯಾರು ಬಳಸಿದರು? ಯಾವಾಗ? ಇದರ ಬಗ್ಗೆ ಮನೆಯಲ್ಲಿ ಬೇರೆ ಮಾತು ಹೇಳುವವರು ಯಾರಾದರೂ ಇದ್ದಾರೆಯೇ? ಉತ್ತರವನ್ನು ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ.