ಹೊಲದ ದಾರಿಯ ವಾಹನಗಳಲ್ಲಿ ಆಸನಗಳ ಏರ್ಪಾಡು

ಸುಗ್ಗಿಯ ಕಾಲದಲ್ಲಿ ಆಳುಗಳನ್ನು ಹೊಲಕ್ಕೆ ಕರೆತರುವ ಕೆಲಸವು ಈಗ ಬಹುಮಟ್ಟಿಗೆ ಚಕ್ಕಡಿಯಿಂದ ಮೋಟಾರು ವಾಹನಕ್ಕೆ ದಾಟಿರುವದು. ಹತ್ತಿ ಬಿಡಿಸುವದಕ್ಕೂ ಮೆಣಸಿನಕಾಯಿ ಹರಿಯುವದಕ್ಕೂ ಕಳೆ ತೆಗೆಯುವದಕ್ಕೂ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಿಗಾಗಿ ಜೀಪು, ಕ್ರೂಸರ್ ಮೊದಲಾದ ಗಾಡಿಗಳನ್ನು ಗೊತ್ತುಮಾಡುವಾಗ ಭೂಮಾಲಿಕರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: ಎಷ್ಟು ಮಂದಿ ಹಿಡಿಯುವರು? ಅವರು ಎಲ್ಲಿ, ಹೇಗೆ ಕೂಡುವರೆಂಬದನ್ನು ಮೊದಲು ಕೇಳಬೇಕೆಂಬದು ನಮ್ಮ ಅಭಿಪ್ರಾಯವು.

2022ರ ಮೇ ತಿಂಗಳಲ್ಲಿ ಧಾರವಾಡ ತಾಲೂಕಿನ ಬಾಡ ಗ್ರಾಮದ ಬಳಿ ಜನರಿಂದ ತುಂಬಿದ ಕ್ರೂಸರ್ ಗಾಡಿಯು ಮರಕ್ಕೆ ಬಡಿಯಿತು. ಮುಂದಿನ ತಿಂಗಳಲ್ಲಿಯೇ ಬೆಳಗಾವಿಯ ಸಮೀಪ ಕೂಲಿಕಾರರನ್ನು ಒಯ್ಯುತ್ತಿದ್ದ ಇನ್ನೊಂದು ಗಾಡಿಯು ಉರುಳಿ ಬಳ್ಳಾರಿ ನಾಲೆಗೆ ಬಿದ್ದಿತು. ಎರಡರಲ್ಲಿಯೂ ಹಲವು ಜೀವಗಳು ಹೋದವು. ಪ್ರತಿಯೊಂದು ಅಪಘಾತಕ್ಕೂ ಕಾರಣವು ಬೇರೆಯಿರಬಹುದು. ಆದರೆ ಗಾಡಿಯೊಳಗೆ ಜನರನ್ನು ಕೂಡಿಸಿದ ರೀತಿಯು ಹಾನಿಯನ್ನು ಹೆಚ್ಚಿಸುವದು ಅಥವಾ ತಗ್ಗಿಸುವದು ಎಂಬದರಲ್ಲಿ ಸಂದೇಹವಿಲ್ಲ.

ಇಂಥ ವಾಹನಗಳು ಕಲ್ಲುಮುಳ್ಳಿನ ದಾರಿಯನ್ನು ದಾಟಲೆಂದೇ ನೆಲದಿಂದ ಎತ್ತರವಾಗಿ ಕಟ್ಟಲ್ಪಟ್ಟಿರುತ್ತವೆ. ಆ ಎತ್ತರವೇ ಅವುಗಳ ಗುಣವು, ಅದೇ ಅವುಗಳ ದೋಷವು. ಹುಬ್ಬಳ್ಳಿಯ ಕಮರಿಪೇಟೆಯ ಸಮನಾದ ಬೀದಿಯಲ್ಲಿ ಅಲುಗದೆ ನಿಲ್ಲುವ ಗಾಡಿಯು, ನವಲಗುಂದ ಕುಂದಗೋಳಗಳ ಎರೆಹೊಲದ ಜಾರುವ ದಾರಿಯಲ್ಲಾಗಲಿ ಕಲಘಟಗಿಯ ಕಡೆಯ ಏರಿಳಿತದಲ್ಲಾಗಲಿ ಹಾಗೆಯೇ ನಿಲ್ಲುವದೆಂದು ನಂಬಲಾಗದು.

ಒಂದು ಲೆಕ್ಕವನ್ನು ನೋಡೋಣ. ಎಡಬಲ ಚಕ್ರಗಳ ನಡುವಿನ ಅಗಲವು 1.4 ಮೀಟರು, ಗಾಡಿಯ ತೂಕವು 2,000 ಕಿಲೋ, ಭಾರದ ಕೇಂದ್ರವು ನೆಲದಿಂದ 0.75 ಮೀಟರು ಎಂದು ಹಿಡಿಯಿರಿ. ತಲಾ 60 ಕಿಲೋ ತೂಕದ ಐವರು ಒಳಗೆ ತಗ್ಗಾದ ಆಸನದಲ್ಲಿ ಕುಳಿತರೆ ಆ ಕೇಂದ್ರವು ಸುಮಾರು 0.78 ಮೀಟರಿಗೆ ಏರುವದು; ಉರುಳದೆ ನಿಲ್ಲುವ ಶಕ್ತಿಯು ನೂರಕ್ಕೆ ನಾಲ್ಕರಷ್ಟು ಮಾತ್ರ ಕುಂದುವದು. ಅದೇ ಐವರು ಮೇಲ್ಛಾವಣಿಯನ್ನೇರಿದರೆ ಕೇಂದ್ರವು 0.94 ಮೀಟರಿಗೆ ಹೋಗಿ, ಆ ಶಕ್ತಿಯು ನೂರಕ್ಕೆ ಇಪ್ಪತ್ತರಷ್ಟು ಕುಂದುವದು. ಜನರೂ ಅವರೇ, ಗಾಡಿಯೂ ಅದೇ. ಕುಳಿತ ಸ್ಥಳವು ಮಾತ್ರ ಬೇರೆ.

ಚಕ್ಕಡಿಯಲ್ಲಿ ಹೊರೆಯು ಹಿಂದಕ್ಕೆ ಹೆಚ್ಚಾದರೆ ನೊಗವು ಮೇಲೇಳುವದೆಂಬದನ್ನು ಒಕ್ಕಲಿಗರು ಬಲ್ಲರು. ಮೋಟಾರಿನಲ್ಲಿಯೂ ಇದೇ ನಿಯಮವು. ಹಿಂದಿನ ಅಚ್ಚಿನ ಆಚೆಗೆ ಭಾರವನ್ನು ಹೇರಿದರೆ ಮುಂದಿನ ಚಕ್ರಗಳು ಹಗುರಾಗಿ, ಚಾಲಕನು ತಿರುಗಿಸಿದಂತೆ ಗಾಡಿಯು ತಿರುಗದು.

ಎದುರುಬದುರಾಗಿ ಹಾಕಿದ ಉದ್ದನೆಯ ಹಿಂಬದಿಯ ಬೆಂಚುಗಳಿಂದ ಲಾಭವೇ ಇಲ್ಲವೆಂದು ಹೇಳಲಾಗದು. ಕಡಿಮೆ ಸ್ಥಳದಲ್ಲಿ ಹೆಚ್ಚು ಜನರು ಕೂಡುವರು. ಮಡಚಿದರೆ ಗೊಬ್ಬರದ ಚೀಲಗಳಿಗೂ ಎಡೆಯಾಗುವದು. ಆದರೆ ಚಾಲಕನು ಒಮ್ಮೆಲೇ ತಡೆಯೊತ್ತಿದಾಗ ಅಡ್ಡಲಾಗಿ ಕುಳಿತವರಿಗೆ ಬೆನ್ನಿನ ಆಸರೆಯಿರದೆ, ಒಬ್ಬರ ಮೇಲೊಬ್ಬರು ಜಾರಿ, ಕೊರಳಿಗೂ ಬೆನ್ನುಮೂಳೆಗೂ ಪೆಟ್ಟು ತಗಲುವದು. ಮುಂದಕ್ಕೆ ಮುಖವಾಗಿ ಬೆನ್ನನ್ನು ಆನಿಸಿ ಪಟ್ಟಿಯನ್ನು ಕಟ್ಟಿಕೊಂಡವರಿಗೆ ಈ ಭಯವು ಎಷ್ಟೋ ಕಡಿಮೆ.

ಆದುದರಿಂದ ವಾಹನವನ್ನು ಕೊಳ್ಳುವವರೂ ಬಾಡಿಗೆಗೆ ಹಿಡಿಯುವವರೂ ಈ ಕೆಳಗಿನ ಸಂಗತಿಗಳನ್ನು ನೋಡತಕ್ಕದ್ದು:

(1) ಹೆಚ್ಚಿನ ಆಸನಗಳು ಮುಂದಕ್ಕೆ ಮುಖಮಾಡಿ, ಎರಡು ಅಚ್ಚುಗಳ ನಡುವೆ, ಆದಷ್ಟು ತಗ್ಗಾಗಿರಬೇಕು.

(2) ಪ್ರತಿಯೊಂದು ಆಸನಕ್ಕೂ ಪಟ್ಟಿಯೂ ತಲೆಗೆ ಆಸರೆಯೂ ಇರಬೇಕು. ಮೊಣಕಾಲು ಮಡಚಲು ಎಡೆಯಿರಬೇಕು.

(3) ಕುಡಗೋಲು, ಕುರ್ಪಿ, ಗುದ್ದಲಿಗಳು ಕಾಲಬಳಿಯಲ್ಲಿ ಬಿದ್ದಿರದೆ ಮುಚ್ಚುಳದ ಪೆಟ್ಟಿಗೆಯಲ್ಲಿ ಇರಬೇಕು.

(4) ಭಾರವಾದ ಸಾಮಾನು ಗಾಡಿಯ ತಳದಲ್ಲಿರಬೇಕು. ಮೇಲ್ಛಾವಣಿಯ ಮೇಲೆ ಯಾರೂ ಕೂಡಬಾರದು.

(5) ಊರ ಕಮ್ಮಾರಸಾಲೆಯಲ್ಲಿ ಹೊಸ ಬೆಂಚುಗಳನ್ನು ಬೆಸೆಸಬಾರದು. ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮು ನಿಷೇಧಿಸಿದೆ.

ಇದರಿಂದ ಬಾಡಿಗೆಯು ಹೆಚ್ಚುವದಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಿಜವು, ಒಂದು ಸುತ್ತಿನ ಬದಲು ಎರಡು ಸುತ್ತು ಗಾಡಿಯನ್ನು ಓಡಿಸಬೇಕಾದೀತು. ಆದರೆ ಮಿತಿಮೀರಿ ಹತ್ತಿಸಿಕೊಂಡ ಪ್ರತಿಯೊಬ್ಬ ಪ್ರಯಾಣಿಕನಿಗೆ 200 ರೂಪಾಯಿಗಳ ದಂಡವನ್ನು 2019ರ ತಿದ್ದುಪಡಿಯು ಗೊತ್ತುಪಡಿಸಿರುವದು. ಅದಕ್ಕಿಂತ ದೊಡ್ಡ ಸಂಗತಿಯು ವಿಮೆಯದು: ಅನುಮತಿಸಿದ ಪ್ರಯಾಣಿಕರ ಸಂಖ್ಯೆಯನ್ನು ಮೀರಿದವರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು 2007ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮಿಕ್ಕ ಪರಿಹಾರದ ಹೊರೆಯು ವಾಹನದ ಮಾಲಿಕನ ಮೇಲೆಯೇ ಬೀಳುವದು. ಒಂದು ಸುತ್ತಿನ ಉಳಿತಾಯವು ಹೊಲವನ್ನೇ ಮಾರಿಸಬಹುದು.

ದಂಡದ ಮಾತು ಹಾಗಿರಲಿ. ಬೆಳಗ್ಗೆ ನಮ್ಮ ಹೊಲಕ್ಕೆ ಬಂದವರು ಸಂಜೆ ತಮ್ಮ ಮನೆಯನ್ನು ಕ್ಷೇಮವಾಗಿ ಸೇರುವದು ಅವರನ್ನು ಕರೆಸಿದವರ ಹೊಣೆಯಾಗಿರುವದು. ಎತ್ತಿನ ಹೆಗಲಿಗೆ ಹುಣ್ಣಾಗದಂತೆ ನೊಗವನ್ನು ನೋಡಿ ಕಟ್ಟುವ ನಮ್ಮ ಒಕ್ಕಲಿಗರು, ಮನುಷ್ಯರನ್ನು ಕೂಡಿಸುವಾಗ ಅದಕ್ಕಿಂತ ಕಡಿಮೆ ಎಚ್ಚರವನ್ನು ತೋರಿಸಲಾಗದು. ಊರ ಹಿರಿಯರು ಈ ಹಂಗಾಮಿನ ಮೊದಲಿಗೇ ಗಾಡಿಯವರನ್ನೂ ಭೂಮಾಲಿಕರನ್ನೂ ಕೂಡಿಸಿ, ಆಸನವಿದ್ದಷ್ಟೇ ಜನರನ್ನು ಹತ್ತಿಸುವ ಕಟ್ಟನ್ನು ಮಾಡಿದರೆ ಬಹಳ ಉಪಕಾರವಾಗುವದು.