ಶಾಸನಾಧ್ಯಯನ ಮತ್ತು ಯಂತ್ರದ ಓದು

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯ ಪ್ರಾಚೀನ ರೂಪವಿದೆ. ಇಂತಹ ಆಕರಗಳ ಕುರಿತು ಜಿಜ್ಞಾಸುಗಳು ಇಂದು ಕೃತಕ ಬುದ್ಧಿಮತ್ತೆಯ ಶೋಧಯಂತ್ರಗಳನ್ನು ಪ್ರಶ್ನಿಸುತ್ತಿದ್ದಾರೆ. ಅವು ತಾವು ಓದಬಲ್ಲ ಪಠ್ಯದಿಂದಲೇ ಉತ್ತರ ಕಟ್ಟುತ್ತವೆ. ಯುನಿಕೋಡಿಗೆ ಪರಿವರ್ತನೆಗೊಳ್ಳದ ಹಳೆಯ ಫಾಂಟಿನ ಕನ್ನಡ ಲೇಖನ ಯಂತ್ರಕ್ಕೆ ಅರ್ಥಹೀನ ರೋಮನ್ ಅಕ್ಷರರಾಶಿ. ಸ್ಕ್ಯಾನ್ ಮಾಡಿಟ್ಟ ಪುಟ ಬರಿಯ ಚಿತ್ರ. ಹೀಗಾದಾಗ ಇಂಗ್ಲಿಷ್ ಬರಹಗಳೇ ಪ್ರಮಾಣವಾಗಿ, ಕನ್ನಡ ವಿದ್ವಾಂಸರ ಪಾಠನಿರ್ಣಯಗಳು ಮರೆಯಾಗುತ್ತವೆ.

ಇನ್ನೊಂದು ತೊಡಕು ಸ್ಥಳನಾಮಗಳದು. ಬಾಗಲಕೋಟೆ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೂ ಹಿಂದಿನ ಲೇಖನಗಳಲ್ಲಿ ಬಾದಾಮಿ, ಹುನಗುಂದ, ಇಳಕಲ್‌ಗಳು ಬಿಜಾಪುರ ಜಿಲ್ಲೆಗೆ ಸೇರಿವೆ. ಇಳಕಲ್–ಇಲಕಲ್ಲ, ಬಾದಾಮಿ–ವಾತಾಪಿ ಎಂಬ ನಾಮಭೇದಗಳೂ ಇವೆ. ಆದ್ದರಿಂದ ಕನ್ನಡ ವಿಭಾಗಗಳು ತಮ್ಮ ಜಾಲತಾಣದ ಲೇಖನಗಳನ್ನು ಯುನಿಕೋಡಿಗೆ ತಂದು, ಕರಡು ತಿದ್ದಿ, ಪ್ರತಿ ಲೇಖನದ ಆರಂಭದಲ್ಲಿ ಸ್ಥಳದ ಹಳೆಯ-ಹೊಸ ಹೆಸರು, ಕಾಲ, ಅರಸ, ನಿರ್ಣಯಗಳ ಸಾರಾಂಶವನ್ನು ಕೊಡುವುದು ಅಗತ್ಯ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ಕಾರ್ಯ ಹೊಸದೇನಲ್ಲ.