ಎರಡನೇ ಪುಸ್ತಕದಲ್ಲಿ ಶತ್ರುವಿನ ಮನೆ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಸರಣಿ ಕಾದಂಬರಿ ಓದುವ ನನ್ನ ಗೆಳತಿಯರಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿದೆ. ಮೊದಲನೇ ಪುಸ್ತಕ ಸೂಪರ್, ಕೊನೆಯದು ಅದಕ್ಕಿಂತ ಸೂಪರ್, ನಡುವಿನದು ಬೋರ್. ಎರಡನೆಯದನ್ನು ಹಾರಿಸಿ ನೇರವಾಗಿ ಮೂರನೆಯದಕ್ಕೆ ಹೋದವರೂ ನಮ್ಮ ತರಗತಿಯಲ್ಲಿದ್ದಾರೆ. ಸಾರಾಂಶ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಒಂದು ಫ್ಯಾಂಟಸಿ ಸರಣಿ ನಿಜಕ್ಕೂ ಒಳ್ಳೆಯದೋ ಅಲ್ಲವೋ ಎಂಬುದು ಎರಡನೇ ಪುಸ್ತಕದಲ್ಲೇ ಗೊತ್ತಾಗುವುದು. ಮೊದಲನೆಯದರಲ್ಲಿ ಎಲ್ಲವೂ ಹೊಸದು. ನಕಾಶೆ ಹೊಸದು, ಮಂತ್ರ ಹೊಸದು, ಊರುಗಳ ಹೆಸರೂ ಹೊಸದು. ಬರೆದವರು ಅಲ್ಲಲ್ಲಿ ಎಡವಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದಕ್ಕೆ ಬರುವಾಗ ಆ ಹೊಸತನ ತೀರಿರುತ್ತದೆ. ಆಮೇಲೆ ಹೇಳಲು ಏನು ಉಳಿದಿದೆ?

ಹೆಚ್ಚಿನವರು ಮೊದಲು ಮಾಡಿದ್ದನ್ನೇ ಇನ್ನೊಮ್ಮೆ ಮಾಡುತ್ತಾರೆ. 1998ರಲ್ಲಿ ಬಂದ ಹ್ಯಾರಿ ಪಾಟರ್ ಎರಡನೇ ಭಾಗದಲ್ಲಿ ಮತ್ತೆ ರಜೆಯಲ್ಲಿ ಅದೇ ದೊಡ್ಡಮ್ಮ ದೊಡ್ಡಪ್ಪನ ಮನೆ, ಮತ್ತೆ ಶಾಲೆ, ಮತ್ತೆ ಶಾಲೆಯೊಳಗೇ ಅಡಗಿರುವ ಅಪಾಯ. 2009ರ ‘ಕ್ಯಾಚಿಂಗ್ ಫೈರ್’ನಲ್ಲಿ ಕೊಲ್ಲುವ ಆಟದಿಂದ ಬದುಕಿ ಬಂದ ಹುಡುಗಿಯನ್ನು ತಿರುಗಿ ಅದೇ ಆಟಕ್ಕೆ ಕಳಿಸುತ್ತಾರೆ. ಕೆಟ್ಟ ಪುಸ್ತಕಗಳು ಅಂತ ಹೇಳುತ್ತಿಲ್ಲ. ಎರಡನೆಯದನ್ನು ನಾನು ಎರಡೇ ರಾತ್ರಿಯಲ್ಲಿ ಮುಗಿಸಿದೆ, ಕರೆಂಟು ಹೋದಾಗ ಟಾರ್ಚ್ ಹಿಡಿದು. ನಮಗೂ ಎರಡನೇ ಭಾಗದಿಂದ ಬೇಕಾಗಿರುವುದು ಇಷ್ಟೇ: ಅದೇ ಹೀರೋ, ಅದೇ ಗೆಳೆಯರು, ಬಾಕಿ ಇದ್ದ ಪ್ರಶ್ನೆಗೆ ಉತ್ತರ. ಬಾಹುಬಲಿಯನ್ನು ಕಟ್ಟಪ್ಪ ಯಾಕೆ ಕೊಂದ ಎಂದು ಇಡೀ ದೇಶ 2017ರ ತನಕ ಕಾದು ಕೂತಿತ್ತಲ್ಲ, ಹಾಗೆ.

ನಾನು ಹೇಳಹೊರಟಿರುವ ಎರಡನೇ ಪುಸ್ತಕ ಇದ್ಯಾವುದನ್ನೂ ಮಾಡುವುದಿಲ್ಲ. ಅದರ ಹೆಸರು ‘ದ ಟೂಂಬ್ಸ್ ಆಫ್ ಅಟುವಾನ್’. ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ 1971ರಲ್ಲಿ ಪ್ರಕಟಿಸಿದ್ದು. ಅವರ ಅರ್ತ್‌ಸೀ ಸರಣಿಯ ಮೊದಲನೇ ಪುಸ್ತಕ 1968ರಲ್ಲಿ ಬಂದಿತ್ತು. ಅದರಲ್ಲಿ ಗಾಂಟ್ ಎಂಬ ದ್ವೀಪದ ಆಡು ಕಾಯುವ ಹುಡುಗ ಗೆಡ್ ಮಾಂತ್ರಿಕರ ಶಾಲೆಗೆ ಸೇರುತ್ತಾನೆ. ಹ್ಯಾರಿ ಪಾಟರ್ ಬರುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಹೀಗೊಂದು ಶಾಲೆ ಇತ್ತು ಎಂದರೆ ನಮ್ಮವರು ನಂಬುವುದಿಲ್ಲ. ಅಲ್ಲಿ ಹಮ್ಮಿನಿಂದ ಮಾಡಬಾರದ್ದನ್ನು ಮಾಡಿ ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಆಮೇಲೆ ಸಮುದ್ರಗಳನ್ನು ದಾಟಿ ಅದರ ಬೆನ್ನು ಹತ್ತುತ್ತಾನೆ. ಗೆಡ್‌ನ ಮೈಬಣ್ಣ ತಾಮ್ರದಂತೆ ಕಂದು, ಅವನ ಪ್ರಾಣಸ್ನೇಹಿತ ವೆಚ್ ಕಪ್ಪು. ಆ ಲೋಕದಲ್ಲಿ ಬಿಳಿಯರೆಂದರೆ ಕಾರ್ಗ್‌ಗಳು. ಪುಸ್ತಕದ ಆರಂಭದಲ್ಲೇ ಅವರು ಹಡಗುಗಳಲ್ಲಿ ಬಂದು ಗಾಂಟ್ ಮೇಲೆ ದಾಳಿ ಮಾಡುತ್ತಾರೆ. ಹಳದಿ ಕೂದಲಿನ, ಊರು ಸುಡುವ, ರಕ್ತ ನೋಡಿ ಖುಷಿಪಡುವ ಜನ. ಬಾಲಕ ಗೆಡ್ ಮಂತ್ರ ಹಾಕಿ ಊರಿಗೆ ಮಂಜು ಕವಿಸುತ್ತಾನೆ, ಅವರು ದಾರಿ ತಪ್ಪಿ ಸಾಯುತ್ತಾರೆ, ನಾವು ಓದುವವರು ಒಳಗೊಳಗೇ ಸೀಟಿ ಹೊಡೆಯುತ್ತೇವೆ. ಕಥೆ ಮುಂದೆ ಹೋಗುತ್ತದೆ. ಕಾರ್ಗ್‌ಗಳು ಯಾರಿಗೂ ನೆನಪಿರುವುದಿಲ್ಲ.

ಎರಡನೇ ಪುಸ್ತಕ ತೆರೆಯಿರಿ. ಸಂಜೆ ಹೊತ್ತು, ಸೇಬಿನ ತೋಟ. ಒಬ್ಬ ತಾಯಿ ಮಗಳನ್ನು ಮನೆಗೆ ಕರೆಯುತ್ತಿದ್ದಾಳೆ. ಪುಟ್ಟ ಹುಡುಗಿ ಮರಗಳ ನಡುವೆ ಓಡುತ್ತಿದ್ದಾಳೆ. ಬಾಗಿಲಲ್ಲಿ ನಿಂತ ಅಪ್ಪ ಹೆಂಡತಿಗೆ ಬುದ್ಧಿ ಹೇಳುತ್ತಾನೆ: ಹೇಗೂ ಕರೆದುಕೊಂಡು ಹೋಗುತ್ತಾರೆ, ಅವಳನ್ನು ಅಷ್ಟು ಹಚ್ಚಿಕೊಳ್ಳಬೇಡ. ಇದು ಕಾರ್ಗ್‌ಗಳ ಮನೆ! ಮೊದಲನೇ ಪುಸ್ತಕದಲ್ಲಿ ಮಂಜಿನಲ್ಲಿ ಸತ್ತವರ ಜನರ ಮನೆ. ಅಲ್ಲಿ ಗೆಡ್ ಇಲ್ಲ. ಮುಂದಿನ ಪುಟದಲ್ಲೂ ಇಲ್ಲ. 12 ಅಧ್ಯಾಯಗಳ ಪುಸ್ತಕದಲ್ಲಿ ಅವನು ಕಾಣಿಸಿಕೊಳ್ಳುವುದು ಐದನೆಯದರಲ್ಲಿ. ಅದೂ ಹೀರೋ ಎಂಟ್ರಿ ಅಲ್ಲ. ದೀಪ ಹಚ್ಚುವುದೇ ಮಹಾಪಾಪವಾದ ಜಾಗದಲ್ಲಿ ದೀಪ ಹಿಡಿದು ನುಗ್ಗಿದ ಕಳ್ಳನಾಗಿ. ಆ ಹುಡುಗಿಯ ಕಣ್ಣಿಂದ ನೋಡಿದರೆ ಅವನು ಅಷ್ಟೇ. ಕಪ್ಪು ಮೈಬಣ್ಣದ ವಿದೇಶಿ, ಮಾಟಗಾರ, ಕಳ್ಳ.

ಹುಡುಗಿಯ ಹೆಸರು ಟೆನಾರ್. ಐದನೇ ವಯಸ್ಸಿನಲ್ಲಿ ಅವಳನ್ನು ಮನೆಯಿಂದ ಮರುಭೂಮಿಯ ನಡುವಿನ ಒಂದು ಪೂಜಾಸ್ಥಳಕ್ಕೆ ಒಯ್ಯುತ್ತಾರೆ. ಹಿಂದಿನ ಮುಖ್ಯ ಅರ್ಚಕಿ ಸತ್ತ ರಾತ್ರಿಯೇ ಹುಟ್ಟಿದ್ದರಿಂದ ಅವಳೇ ಇವಳು ಎಂಬ ನಂಬಿಕೆ. ಒಂದು ವರ್ಷದ ನಂತರ ಒಂದು ವಿಧಿ ನಡೆಸಿ ಅವಳ ಹೆಸರನ್ನೇ ಕಿತ್ತುಕೊಳ್ಳುತ್ತಾರೆ. ಇನ್ನು ಮೇಲೆ ಅವಳು ಅರ್ಹಾ. ಅವರ ಭಾಷೆಯಲ್ಲಿ ಅದರ ಅರ್ಥ ‘ತಿನ್ನಲ್ಪಟ್ಟವಳು’. ಕನ್ನಡ ಬಲ್ಲವರಿಗೆ ಇಲ್ಲಿ ಚುಚ್ಚುತ್ತದೆ, ಯಾಕೆಂದರೆ ನಮ್ಮಲ್ಲಿ ಅರ್ಹ ಅಂದರೆ ಯೋಗ್ಯ. ಆ ಮಗುವಿಗೂ ಎಲ್ಲರೂ ಅದನ್ನೇ ಹೇಳುತ್ತಾರಲ್ಲ: ನೀನು ದೊಡ್ಡವಳು, ನೀನು ಆರಿಸಲ್ಪಟ್ಟವಳು, ನಿನಗಿಂತ ಮೇಲೆ ಯಾರೂ ಇಲ್ಲ. ಹಾಗೆ ಹೇಳಿ ಹೇಳಿಯೇ ಅವಳ ಹತ್ತಿರ ಏನೂ ಇಲ್ಲದಂತೆ ಮಾಡುತ್ತಾರೆ. ನಮ್ಮಲ್ಲಿ ಅರ್ಧ ಮಂದಿಗೆ ಮನೆಯಲ್ಲೊಂದು ಹೆಸರು, ಹಾಜರಿ ಪುಸ್ತಕದಲ್ಲೊಂದು ಹೆಸರು. ಮನೆಯ ಹೆಸರಿನಿಂದ ಕರೆಯುವವರು ಒಬ್ಬರೂ ಉಳಿಯದಿದ್ದರೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿ.

ಗುಡಿಯ ಕೆಳಗೆ ಕತ್ತಲೆಯ ಚಕ್ರವ್ಯೂಹವಿದೆ. ಅಲ್ಲಿ ದಾರಿ ಹಿಡಿಯುವುದು ಕಣ್ಣಿನಿಂದಲ್ಲ. ಗೋಡೆಗೆ ಕೈ ತಾಗಿಸಿಕೊಂಡು, ಎಡಕ್ಕೆ ಎಷ್ಟು ತಿರುವು, ಬಲಕ್ಕೆ ಎಷ್ಟು ಎಂದು ಬಾಯಿಪಾಠ ಮಾಡಿ ನಡೆಯಬೇಕು. ಈ ಪುಟಗಳು ನಿಧಾನ ಎಂಬ ದೂರು ನಿಜ. ನನ್ನ ಗೆಳತಿಯೊಬ್ಬಳು ಮೂರನೇ ಅಧ್ಯಾಯಕ್ಕೆ ಕೈಚೆಲ್ಲಿದಳು. ಆದರೆ ನನಗೆ ಆ ನಿಧಾನ ಬೇಕಾಗಿತ್ತು. ಒಂದು ಮಗು ಕತ್ತಲೆಯನ್ನೇ ತನ್ನ ಮನೆ ಅಂದುಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಎರಡು ಪ್ಯಾರಾದಲ್ಲಿ ಮುಗಿಸಿದರೆ ನಾವು ನಂಬುವುದಿಲ್ಲ.

ಆ ಮೂರನೇ ಅಧ್ಯಾಯದಲ್ಲೇ ಇಡೀ ಪುಸ್ತಕದ ಅತಿ ಕಷ್ಟದ ಭಾಗವಿದೆ. ರಾಜನ ವಿರುದ್ಧ ಸಂಚು ಮಾಡಿದರೆಂದು ಮೂವರು ಕೈದಿಗಳನ್ನು ಬಲಿಗಾಗಿ ಕಳಿಸಿರುತ್ತಾರೆ. ಹೇಗೆ ಕೊಲ್ಲಬೇಕೆಂದು ಅರ್ಹಾ ಹೇಳಬೇಕು. ಅವಳು ನಮಗಿಂತ ಚಿಕ್ಕವಳು. ಪಕ್ಕದಲ್ಲಿರುವ ಹಿರಿಯ ಅರ್ಚಕಿ ಕೊಸ್ಸಿಲ್ ತಾನಾಗಿ ಏನೂ ಹೇಳುವುದಿಲ್ಲ, ಎಲ್ಲ ನಿಮ್ಮ ಇಷ್ಟ ಎನ್ನುತ್ತಾಳೆ. ಹುಡುಗಿ ಹೇಳುತ್ತಾಳೆ: ಅನ್ನ ನೀರು ಕೊಡಬೇಡಿ. ಆಮೇಲೆ ಅವಳಿಗೆ ಕೆಟ್ಟ ಕನಸುಗಳು ಬರುತ್ತವೆ. ಲೆ ಗ್ವಿನ್ ಅವಳನ್ನು ಪಾಪದ ಹುಡುಗಿ ಎಂದು ತೋರಿಸಿ ಸುಮ್ಮನಾಗುವುದಿಲ್ಲ, ಕೆಟ್ಟವಳು ಎಂದೂ ಮುದ್ರೆ ಒತ್ತುವುದಿಲ್ಲ. ದೊಡ್ಡವರು ಒಂದು ಮಗುವಿನ ಬಾಯಿಂದ ಕ್ರೌರ್ಯವನ್ನು ಹೇಗೆ ಹೊರಡಿಸುತ್ತಾರೆ ಎಂದು ತೋರಿಸುತ್ತಾರೆ. ಗುಂಪಿನ ಮುಂದೆ ನಿಂತು ಕೂಗುವ ನಮ್ಮ ವಯಸ್ಸಿನವರನ್ನು ಟಿವಿಯಲ್ಲಿ ನೋಡುವಾಗ ನನಗೆ ಈಗ ಅವರ ಹಿಂದೆ ಸುಮ್ಮನೆ ನಿಂತಿರುವವರ ಕಡೆ ಕಣ್ಣು ಹೋಗುತ್ತದೆ.

ಕಾಮರ್ಸ್‌ನವರಿಗೆ ಒಂದು ಮಾತು. ಪ್ರಥಮ ಪಿಯುಸಿಯಲ್ಲಿ ಬಿ.ಆರ್.ಎಸ್. ಲೆಕ್ಕ ಮಾಡಿದ್ದು ನೆನಪಿದೆಯೇ? ನಮ್ಮ ಕ್ಯಾಶ್ ಬುಕ್‌ನಲ್ಲಿ ಡೆಬಿಟ್ ಆದದ್ದು ಬ್ಯಾಂಕಿನ ಪಾಸ್ ಬುಕ್‌ನಲ್ಲಿ ಕ್ರೆಡಿಟ್. ವ್ಯವಹಾರ ಒಂದೇ, ಪುಸ್ತಕ ಎರಡು, ಬರೆದವರು ಬೇರೆ. ಬಾಕಿ ತಾಳೆಯಾಗದಿದ್ದರೆ ಒಂದೇ ಪುಸ್ತಕವನ್ನು ಹತ್ತು ಸಲ ಕೂಡಿಸಿದರೂ ಪ್ರಯೋಜನವಿಲ್ಲ, ಆ ಕಡೆಯ ಪುಸ್ತಕ ತೆರೆಯಬೇಕು. ಮೊದಲನೇ ಪುಸ್ತಕದಲ್ಲಿ ಗೆಡ್ ಯಾವುದೋ ನಿರ್ಜನ ಮರಳ ದಿಬ್ಬದಲ್ಲಿ ಇಬ್ಬರು ಮುದುಕರನ್ನು ನೋಡುತ್ತಾನೆ. ಆ ಮುದುಕಿ ಅವನ ಕೈಗೆ ಒಂದು ಮುರಿದ ಲೋಹದ ತುಂಡು ಕೊಡುತ್ತಾಳೆ. ಅವನಿಗೂ ನಮಗೂ ಅದು ಕಸ. ಎರಡನೇ ಪುಸ್ತಕದಲ್ಲಿ ಅದು ಅರ್ಧ ಉಂಗುರವೆಂದು ತಿಳಿಯುತ್ತದೆ. ಆ ಮುದುಕರು ಕಾರ್ಗ್ ಜನರೇ, ರಾಜಮನೆತನದ ಅಣ್ಣತಂಗಿ, ಎಳೆಯ ವಯಸ್ಸಿನಲ್ಲೇ ತಂದು ಅಲ್ಲಿ ಬಿಟ್ಟುಹೋಗಿದ್ದರು ಎಂದೂ ತಿಳಿಯುತ್ತದೆ. ಉಳಿದರ್ಧ ಅರ್ಹಾಳ ಚಕ್ರವ್ಯೂಹದಲ್ಲಿದೆ. ಸಾರಾಂಶ ಓದಿ ಮೂರನೆಯದಕ್ಕೆ ಹಾರುವವರು ಈ ಎರಡು ಪುಸ್ತಕಗಳನ್ನು ತಾಳೆ ನೋಡುವ ಸುಖವನ್ನೇ ಬಿಟ್ಟುಬಿಡುತ್ತಾರೆ.

ನನ್ನಂಥ ಓದುಗಳಿಗೆ ಇದು ಯಾಕೆ ಇಷ್ಟು ನಾಟಿತು ಎಂದು ಹೇಳದಿದ್ದರೆ ಈ ಬರಹ ಅರ್ಧವಾದೀತು. ಕೆಲವು ಸಿನಿಮಾಗಳಲ್ಲಿ ಸುರ್ಮಾ ಹಚ್ಚಿ, ಕುತ್ತಿಗೆಗೆ ತಾಯತ ಕಟ್ಟಿಕೊಂಡವನೊಬ್ಬ ಪರದೆ ಮೇಲೆ ಬಂದರೆ ಅವನ ಹೆಸರು ಯಾವ ಥರದ್ದು, ಅವನ ಕೆಲಸ ಏನು ಎಂದು ಥಿಯೇಟರಿನಲ್ಲಿ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಅವನಿಗೆ ಮನೆ ಇರುವುದಿಲ್ಲ. ಊಟಕ್ಕೆ ಕರೆಯುವ ಅಮ್ಮಿ ಇರುವುದಿಲ್ಲ. ಪರೀಕ್ಷೆಗೆ ಓದುವ ತಂಗಿಯಂತೂ ಇಲ್ಲವೇ ಇಲ್ಲ. ನಾವು ಇನ್ನೊಬ್ಬರ ಮೊದಲನೇ ಪುಸ್ತಕದ ಕಾರ್ಗ್‌ಗಳು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ದಸ್ತರ್‌ಖಾನಿನ ಸುತ್ತ ಕೂತಾಗಲೂ ‘ಅವರು ಎಲ್ಲಾ ಹಾಗೇ’ ಎಂಬ ಮಾತು ಬರುತ್ತದೆ. ಆ ಮಾತಿನೊಳಗಿರುವ ‘ಅವರಿಗೂ’ ಮನೆ ಇರುವುದಿಲ್ಲ. ನಾನಿ ಹೇಳುತ್ತಿದ್ದ ಅಮೀರ್ ಹಮ್ಜಾನ ದಾಸ್ತಾನ್ ನನಗೆ ಪ್ರಾಣ. ಅಮರ್ ಅಯ್ಯಾರನ ಜೋಳಿಗೆಯಲ್ಲಿ ಇಡೀ ದುನಿಯಾ ಹಿಡಿಯುತ್ತದೆ ಎಂದು ಅವರು ಕೈ ಅಗಲಿಸಿ ತೋರಿಸುತ್ತಿದ್ದರು. ಲಖ್ನೋದ ನವಲ್ ಕಿಶೋರ್ ಪ್ರೆಸ್ ಆ ದಾಸ್ತಾನನ್ನು ಉರ್ದುವಿನಲ್ಲಿ 46 ಸಂಪುಟಗಳಲ್ಲಿ ಅಚ್ಚು ಹಾಕಿತ್ತು. ನಾನಿಯಿಂದ ಕೇಳಿದ ಅಷ್ಟು ಕಥೆಗಳಲ್ಲಿ ಒಬ್ಬನೇ ಒಬ್ಬ ಜಾದೂಗಾರನ ತಾಯಿ ಅವನನ್ನು ಕತ್ತಲಾಯಿತು, ಮನೆಗೆ ಬಾ ಎಂದು ಕರೆದದ್ದು ನನಗೆ ನೆನಪಿಲ್ಲ.

ಜಾದೂ ಪುಸ್ತಕ ನಾವು ಓದಬಹುದೇ ಎಂದು ಕೇಳುವವರಿದ್ದಾರೆ. ಅವರ ಕಾಳಜಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಈ ಪುಸ್ತಕದಲ್ಲಿ ಮಾಂತ್ರಿಕನ ಶಕ್ತಿಯೆಲ್ಲ ಕತ್ತಲೆಯನ್ನು ತಡೆದು ಹಿಡಿಯುವುದರಲ್ಲೇ ಮುಗಿಯುತ್ತದೆ, ನೀರಿಗೂ ಅವನು ಆ ಹುಡುಗಿಯನ್ನೇ ನಂಬಿರಬೇಕು. ಅವನು ಅವಳಿಗಾಗಿ ಮಾಡುವ ದೊಡ್ಡ ಕೆಲಸ ಒಂದೇ. ಅವಳ ಹಳೆಯ ಹೆಸರನ್ನು ಹೇಳಿ ಕರೆಯುತ್ತಾನೆ. ಭಯದಿಂದ ಮಾತ್ರ ನಡೆಯುವ ಪೂಜೆ ಮನುಷ್ಯರನ್ನು ಏನು ಮಾಡುತ್ತದೆ ಎಂಬ ಪ್ರಶ್ನೆ ಇಲ್ಲಿದೆ, ಮಾಟ ಕಲಿಸುವ ಪಾಠ ಇಲ್ಲ. ಜಿನ್ನು, ಪರಿಗಳ ಕಥೆ ಕೇಳಿ ಬೆಳೆದ ನಮಗೆ ಕಥೆ ಯಾವುದು, ಈಮಾನ್ ಯಾವುದು ಎಂದು ಗೊತ್ತು.

ಕೊರತೆಗಳೂ ಇವೆ. ಹೆಂಗಸರೇ ಆಳುವ ಜಾಗವನ್ನು ಲೆ ಗ್ವಿನ್ ಕತ್ತಲೆ, ದ್ವೇಷ, ಮತ್ಸರಗಳಿಂದಲೇ ತುಂಬಿದ್ದಾರೆ. ಬಾಗಿಲು ತೆರೆಯಲು ಹೊರಗಿನಿಂದ ಗಂಡಸೇ ಬರಬೇಕಾಯಿತು. ಇದು ನನಗೆ ಕಿರಿಕಿರಿ ಮಾಡಿತು. ಅವರಿಗೂ ಇದು ಸಾಕೆನಿಸಿರಲಿಲ್ಲವೇನೋ, 1990ರಲ್ಲಿ ‘ಟೆಹಾನು’ ಬರೆದು ಟೆನಾರ್‌ಳ ಹತ್ತಿರ ವಾಪಸ್ ಬಂದರು. ಅಷ್ಟರಲ್ಲಿ ಅವಳು ನಡುವಯಸ್ಸಿನ ವಿಧವೆ, ಹೊಲ ಮನೆ ನೋಡಿಕೊಳ್ಳುವವಳು. ಅದನ್ನು ಈಗ ಓದುತ್ತಿದ್ದೇನೆ.

ಕೊನೆ ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಇಷ್ಟು ಮಾತ್ರ: ಕತ್ತಲೆಯಿಂದ ಹೊರಬಂದ ಮೇಲೂ ಟೆನಾರ್ ಕುಣಿದಾಡುವುದಿಲ್ಲ. ಅಳುತ್ತಾಳೆ. ಒಂದು ಹಂತದಲ್ಲಿ ಕೈಯಲ್ಲಿ ಚೂರಿ ಹಿಡಿದು ನಿಲ್ಲುತ್ತಾಳೆ. ಆ ಪುಟ ಓದುವಾಗ ಪಕ್ಕದಲ್ಲಿ ಯಾರೂ ಮಾತಾಡಿಸದಂತೆ ನೋಡಿಕೊಳ್ಳಿ.

ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಹಲವು ಸರಣಿಗಳ ಮೊದಲನೇ ಭಾಗ ಮಾತ್ರ ಇದೆ. ಮುಂದಿನ ಸಲ ಪುಸ್ತಕ ತರಿಸುವಾಗ ಹೊಸ ಸರಣಿ ಶುರು ಮಾಡುವ ಬದಲು ಈಗಿರುವವುಗಳ ಎರಡನೇ ಭಾಗ ತರಿಸಬೇಕೆಂದು ಗ್ರಂಥಪಾಲಕರಲ್ಲಿ ವಿನಂತಿ. ಅಲ್ಲಿಯತನಕ ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ನನ್ನ ಪ್ರತಿ ಇದೆ. ದಪ್ಪ ಪುಸ್ತಕವಲ್ಲ, ಇಂಗ್ಲಿಷ್ ಕೂಡ ಸರಳ. ಬೇಕಾದವರು ಬಂದು ಕೇಳಿ, ಹದಿನೈದು ದಿನಕ್ಕೆ ವಾಪಸ್ ಕೊಡಬೇಕು, ಪುಟದ ಮೂಲೆ ಮಡಚಬಾರದು.